ಕೌದಿಯ ಹೊಟ್ಟೆಗೆ ಇಟ್ಟ ಹೋಳಿಗೆ

ಐದು ವರ್ಷದ ಹಿಂದೆ ಅಡರಕಟ್ಟಿಯ ಯುವಕ ಸಂಘದವರು ಕೌದಿ ಹೊಲಿಸಿ ಮಾರುವ ಕಂಪನಿ ಕಟ್ಟಿದರು. ಅದುವರೆಗೆ ಕೆರೆಯ ಹೂಳೆತ್ತುವುದು, ಕಬಡ್ಡಿ ಆಡಿಸುವುದು ಅವರ ಕೆಲಸ. ಲಾಭವನ್ನು ಯಾರೂ ಹಂಚಿಕೊಳ್ಳದೆ ಊರಿನ ಹೆಂಗಸರಿಗೆ ಕೆಲಸ ಕೊಡಲಿಕ್ಕೇ ಹಾಕಬೇಕೆಂಬುದು ಕಂಪನಿಯ ಕಟ್ಟಳೆ. ನಾನು ಮೂರನೆಯ ಇಯತ್ತೆ ಓದಿದವಳು. ಹನ್ನೆರಡು ಮಂದಿ ಹೊಲಿಯುವವರ ಮೇಲೆ ನನ್ನನ್ನು ಮೇಲ್ವಿಚಾರಕಿ ಮಾಡಿದರು.

ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ನಮ್ಮ ಮನೆಗಳಲ್ಲಿ ಕೊನೆಯ ತೇಪೆ ಹಾಕುವ ಮುನ್ನ ಒಳಗೆ ಹೋಳಿಗೆಯ ಚೂರೊಂದನ್ನು ಇಡುತ್ತೇವೆ, ಕೌದಿಯ ಹೊಟ್ಟೆ ಹಸಿದಿರಬಾರದೆಂದು.

ಗದಗಿನ ಅಂಗಡಿಯೊಂದು ಮೂವತ್ತು ಕೌದಿ ಕೇಳಿತು. ಅದನ್ನು ನಂಬಿ ರಾಜಾಬಿ ಎಂಬವಳು ಈರುಳ್ಳಿ ಹೊಲದ ಕೂಲಿ ಬಿಟ್ಟು ಬಂದಳು. ಗಂಡನಿಲ್ಲದವಳು. ಮೊಣಕಾಲು ಊದಿಕೊಂಡಿತ್ತು, ಕೂತು ಮಾಡುವ ಕೆಲಸ ಬೇಕಿತ್ತು. ಮಾರುವ ಕೌದಿಗೂ ಹೋಳಿಗೆ ಇಡುವುದನ್ನು ಕಂಡು ಅವಳೊಬ್ಬಳೇ ಕೇಳಿದಳು.

"ಯವ್ವಾ, ಮನ್ಯಾಗಾದ್ರ ದಿನಾ ಹೊದ್ದು ಝಾಡಿಸ್ತೀವಿ. ಇವು ತಿಂಗಳಗಟ್ಲೆ ಗೋದಾಮದಾಗ ಬೀಳ್ತಾವು. ಇಲಿ ಬಿಟ್ಟಾವೇನು?"

"ನಿನ್ನ ಬಾಯಿಗೆ ಹಾಕ್ಲಿಲ್ಲಂತ ಹೊಟ್ಟಿಕಿಚ್ಚೇನ ನಿಂಗ?" ಎಂದೆ. ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿ ಹೊಲಿದಳು.

ಮಾಲು ಕಳಿಸುವ ದಿನ ಗೋದಾಮು ತೆರೆದರೆ ಇಪ್ಪತ್ತೆರಡು ಕೌದಿಗಳಲ್ಲಿ ತೂತು. ಇಲಿಗಳು ಹೋಳಿಗೆ ಇದ್ದಲ್ಲಿಗೇ ನೇರ ಕೊರೆದಿದ್ದವು.

ಸಂಘದ ಕಾರ್ಯದರ್ಶಿ ಮಾರುತಿ ತಲೆ ಹಿಡಿದು ಕೂತ. "ಆಯಿ, ಮ್ಯಾಲೆ ಇನ್ನೊಂದು ತ್ಯಾಪಿ ಹಚ್ಚಿ ಕಳಸೂಣು. ಕೌದಿ ಅಂದ್ರ ತ್ಯಾಪೀನ ಅಲ್ಲೇನು, ಯಾರಿಗೆ ಗೊತ್ತಾಗ್ತೈತಿ?"

"ಇಲಿ ಉಚ್ಚಿ ಹೊಯ್ದಿದ್ದನ್ನ ಯಾರೋ ಕೂಸಿನ ಮೈಮ್ಯಾಲೆ ಹೊಚ್ಚತಾರಲೇ. ಫೋನ್ ಹಚ್ಚು. ತಪ್ಪು ನಂದು, ನಾನ ಹೇಳ್ತೇನಿ."

ಹೇಳಿದೆ. ಅಂಗಡಿಯವರು ಬೈಯಲಿಲ್ಲ. ಒಳ್ಳೆಯ ಎಂಟು ಕೌದಿಗಳ ಹೊಟ್ಟೆ ಬಿಚ್ಚಿ, ಹೋಳಿಗೆ ತೆಗೆದು ಕೊಟ್ಟೆವು. ಉಳಿದದ್ದು ಬೇಡವೆಂದರು. ಬೇರೆ ಗಿರಾಕಿ ಸಿಗುವವರೆಗೆ ಎರಡು ತಿಂಗಳು ಯಾರೂ ಸೂಜಿ ಎತ್ತಲಿಲ್ಲ.

ರಾಜಾಬಿ ಊದಿದ ಮೊಣಕಾಲಲ್ಲೇ ಮತ್ತೆ ಈರುಳ್ಳಿ ಕೀಳಲು ಹೋದಳು. ನಾನು ಹೊಲಕ್ಕೇ ಹೋಗಿ, "ನೀ ಹೇಳಿದ್ದು ಖರೆ ಇತ್ತು" ಎಂದೆ.

ಅವಳು ಮೇಲೇಳಲಿಲ್ಲ. "ಆವತ್ತ ಕೇಳಿದ್ರ ಆಗ್ತಿತ್ತಲ್ಲ ಯವ್ವಾ."

ಕೆಲಸ ಶುರುವಾದಾಗ ಹೇಳಿಕಳಿಸಿದೆ. ಬರಲಿಲ್ಲ.

ಕಂಪನಿ ಈಗ ನಡೆಯುತ್ತಿದೆ. ಹೊಸದಾಗಿ ಬಂದವಳು ಬಾಯಿ ತೆರೆದರೆ ನಾನು ಸೂಜಿ ಕೆಳಗಿಟ್ಟು ಪೂರ್ತಿ ಕೇಳುತ್ತೇನೆ. ಅದನ್ನು ನನಗೆ ಕಲಿಸಲು ರಾಜಾಬಿಯ ಮೊಣಕಾಲು ಹೋಯಿತು.