ಮೇಣಬತ್ತಿ ಕೈಗೆ ಬಂದಾಗ

ಹೋದ ವರ್ಷ ಯುಗಾದಿ ಮುಗಿದ ಮೇಲಿನ ಶನಿವಾರ. ಸಿಡ್ನಿಯ ಗಿರಾವೀನ್‌ನಲ್ಲಿರುವ ನಮ್ಮ ಮನೆಯಿಂದ ಕಾರು ಹತ್ತುವಾಗಲೇ ಮಗಳು ಸಹನಾಗೆ ಖಡಾಖಂಡಿತವಾಗಿ ಹೇಳಿದ್ದೆ. "ನೋಡವಾ, ಹುಡುಗನ್ನ ನೋಡಿ ಬರ್ತೀನಿ ಅಷ್ಟ. ಹೂಂ ಅನ್ನೂದು ಬ್ಯಾರೆ ಮಾತು."

ಮ್ಯಾಕ್ವೆರಿ ಪಾರ್ಕ್‌ನಲ್ಲಿ ಅವಳ ಜೊತೆ ಕೆಲಸ ಮಾಡುವ ಮಾತೇವೊನನ್ನೇ ಮದುವೆಯಾಗುತ್ತೇನೆಂದು ಅವಳು ಹಟ ಹಿಡಿದಿದ್ದಳು. ಕೊಲಂಬಿಯಾದ ಹುಡುಗ. ಅವನ ಹಿರಿಯರನ್ನು ಹಿಂದೆ ಯಾವಾಗಲೋ ಆಫ್ರಿಕಾದಿಂದ ಗುಲಾಮರಾಗಿ ಅಲ್ಲಿಗೆ ಒಯ್ದಿದ್ದರಂತೆ. ನಾವೋ ಧಾರವಾಡದವರು. ಭಾಷೆ ಬೇರೆ, ಊಟ ಬೇರೆ, ದೇವರು ಬೇರೆ. ಊರಲ್ಲಿ ನಮ್ಮತ್ತೆಗೆ ಏನಂತ ಹೇಳಲಿ? ನಮ್ಮ ಮನೆಯವರು ಮಾತ್ರ "ನಿಮ್ಮವ್ವ ಹೂಂ ಅಂದ್ರ ನಂದೂ ಹೂಂ" ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಆರಾಮಾಗಿದ್ದರು.

ಅಂದು ಹುಡುಗನ ತಾಯಿ ಯೊಲಾಂಡಾ ಅವರ ಹುಟ್ಟುಹಬ್ಬ. ಅವರ ಮನೆಯ ಹಿತ್ತಲ ತುಂಬ ಜನ, ಡೋಲು, ಒಂದು ಉದ್ದನೆಯ ಕೊಳಲು. ಕಣ್ಣು ಮುಚ್ಚಿದರೆ ನಮ್ಮ ಹೋಳಿ ಹುಣ್ಣಿಮೆಯ ಹಲಗಿ ಕೇಳಿದ ಹಾಗೇ ಇತ್ತು. ಕಣ್ಣು ತೆರೆದರೆ ಒಬ್ಬರೂ ನಮ್ಮವರಲ್ಲ. ಹೆಂಗಸರು ದೊಡ್ಡ ಘೇರಿನ ಲಂಗ ಹಿಡಿದು, ಬಲಗಾಲು ಎಳೆಯುತ್ತ ಕುಣಿಯುತ್ತಿದ್ದರು. ಅಯ್ಯ, ಎಲ್ಲರಿಗೂ ಒಮ್ಮೆಲೇ ಕಾಲು ನೋವೇ!

ಕೇಳಿಯೇ ಬಿಟ್ಟೆ. ಯೊಲಾಂಡಾ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದರು. "ಡೋಲು ಆಫ್ರಿಕಾದ್ದು. ಕೊಳಲು ಕೊಲಂಬಿಯಾದ ಮೂಲ ಜನರದ್ದು. ಲಂಗ ಸ್ಪೇನಿನವರದ್ದು. ಕಾಲು ಎಳೆಯೋದು ಯಾಕೆ ಅಂದ್ರೆ, ನಮ್ಮ ಹಿರಿಯರ ಕಾಲಿಗೆ ಸರಪಳಿ ಇತ್ತಂತೆ. ಹಾಗಂತ ನಮ್ಮಜ್ಜಿ ಹೇಳ್ತಿದ್ಲು." ಹೇಳುತ್ತಲೇ ನಗುತ್ತ ಕುಣಿಯಲು ಹೋದರು. ಸರಪಳಿಯ ಹೆಜ್ಜೆಯನ್ನು ಹುಟ್ಟುಹಬ್ಬಕ್ಕೆ ಕುಣಿಯುತ್ತಾರಾ? ಚಪ್ಪಾಳೆ ತಟ್ಟಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಜೆಯಾಯಿತು. ಆ ಕುಣಿತದಲ್ಲಿ ಹೆಂಗಸರು ಮೇಣಬತ್ತಿ ಹಿಡಿಯುವ ಪದ್ಧತಿಯಂತೆ. ಯೊಲಾಂಡಾ ಬುಡಕ್ಕೆ ಬಟ್ಟೆ ಸುತ್ತಿದ, ಉರಿಯುವ ಮೇಣಬತ್ತಿಗಳ ಒಂದು ಕಟ್ಟನ್ನು ನನ್ನ ಕೈಗಿಟ್ಟು, ಕುಣಿಯುವವರ ನಡುವೆ ಎಳೆದುಕೊಂಡು ಹೋದರು. ಎದುರಿಗೆ ಮಾತೇವೊ ಬಂದ. ಕುಣಿತದ ರೀತಿಯಂತೆ ಹ್ಯಾಟು ತೆಗೆದು, ನನ್ನ ಮುಂದೆ ತಲೆಬಾಗಿ ನಿಂತ.

ಕೈಯಲ್ಲಿ ದೀಪ, ಮುಂದೆ ತಲೆಬಾಗಿದ ಹುಡುಗ. ನನ್ನ ಕೈ ತಾನಾಗಿ ಸುತ್ತತೊಡಗಿತು. ಬಲಕ್ಕೆ, ಮೂರು ಸುತ್ತು. ಅಳಿಯ ಮೊದಲ ಸಲ ಹೊಸ್ತಿಲಿಗೆ ಬಂದಾಗ ನಮ್ಮವ್ವ ಆರತಿ ಬೆಳಗುತ್ತಿದ್ದಳಲ್ಲ, ಥೇಟ್ ಹಾಗೆ.

ಜನ ಹೋ ಎಂದರು, ಹೊಸ ಹೆಜ್ಜೆ ಅಂದುಕೊಂಡು. ಸಹನಾ ಓಡಿ ಬಂದು ನನ್ನ ತೋಳು ಹಿಡಿದಳು. ಕಣ್ಣ ತುಂಬ ನೀರು. "ಅಮ್ಮಾ, ರಿಯಲಿ?"

"ಏನ್ ರಿಯಲಿ?" ಎಂದೆ. ಆಮೇಲೆ ನಾನೇನು ಮಾಡಿದ್ದೇನೆಂದು ತಿಳಿಯಿತು. "ಅದಲ್ಲವಾ, ಕೈ ತಪ್ಪಿ ಆತು" ಎನ್ನಲು ಹೊರಟೆ.

ಅಷ್ಟರಲ್ಲಿ ಯೊಲಾಂಡಾ ನನ್ನ ಕೈಯಿಂದ ಮೇಣಬತ್ತಿ ತೆಗೆದುಕೊಂಡರು. ನನ್ನನ್ನೇ ನೋಡಿ ಕಲಿತವರಂತೆ, ಬಲಗಾಲು ಎಳೆಯುತ್ತ ಬಂದು ಸಹನಾಳ ಮುಂದೆ ನಿಂತು ಮೂರು ಸುತ್ತು ಬೆಳಗಿದರು. ಡೋಲು ಅದಕ್ಕೂ ತಾಳ ಹಾಕಿತು. ನನಗೆ ನಗು ಬಂತು, ಅಳುವೂ ಬಂತು.

ಮರಳಿ ಬರುವಾಗ ಕಾರಿನಲ್ಲಿ ನಮ್ಮ ಮನೆಯವರು ಕೇಳಿದರು, "ಅಂತೂ ಹೂಂ ಅಂದಿ?"

"ನಾ ಎಲ್ಲಿ ಅಂದೆ? ಕೈ ಅಂತು!"

"ಬೀಗರೂ ಬೆಳಗ್ಯಾರ. ಇನ್ನೇನ್ ಉಳೀತು?"

ಹಿಂದಿನ ಸೀಟಿನಲ್ಲಿ ಸಹನಾ ಮುಂದಕ್ಕೆ ಬಾಗಿ ಕಿವಿಗೊಟ್ಟು ಕೂತಿದ್ದಳು. ನಾನು ಅಲ್ಲ ಅನ್ನಲಿಲ್ಲ.

ಬರುವ ತಿಂಗಳು ಮದುವೆ. ಮೊನ್ನೆ ಅತ್ತೆ ಫೋನಿನಲ್ಲಿ, "ಯಾವಾಗ ಒಪ್ಪಿದಿ, ಯಾಕ ಒಪ್ಪಿದಿ?" ಎಂದು ಕೇಳಿದರು. ಆಗ ನಮ್ಮ ಪಡಸಾಲೆಯಲ್ಲಿ ಮಾತೇವೊ ಟೇಬಲ್ ಬಡಿಯುತ್ತ ತಾಳ ಹಾಕುತ್ತಿದ್ದ. ಒಗ್ಗರಣೆ ಹಾಕುತ್ತ ನಿಂತಿದ್ದ ನಾನು ಕೆಳಗೆ ನೋಡಿದರೆ, ಆ ತಾಳಕ್ಕೆ ನನ್ನ ಬಲಗಾಲು ಮೆಲ್ಲಗೆ ಹೆಜ್ಜೆ ಎಳೆಯುತ್ತಿತ್ತು.