ಮುಂದಿನ ಮನಿ ಬಿಲ್ಲು

ಬಿಲ್ಲು ತಪ್ಪೈತೆ ಅಂತ ನಾನು ಮೊದಲ್ನೇ ದಿನಾನೇ ಹೇಳಿದ್ದೆ. ಯಾರೂ ಕಿವೀಗೆ ಹಾಕ್ಯಳ್ಳಿಲ್ಲ.

ದಾವಣಗೆರೆ ಸರಸ್ವತಿ ನಗರದಾಗ ನಾವು ಬಾಡಿಗಿ ಇರೋದು. ನಾನು, ನಮ್ಮವ್ವ, ಇಬ್ರೇ. ಒಂದೇ ಕಾಂಪೌಂಡಿನಾಗ ಎರಡು ಮನಿ. ರೋಡಿಗೆ ಇರೋದು ಓನರ್ ಮನಿ, ಅದ್ರ ಬೆನ್ನಿಗೆ ನಮ್ದು. ಓನರಿಗೆ ನಾನು ಅಂಕಲ್ ಅಂತೀನಿ. ಅವರ ಹೆಂಡ್ತಿಗೆ ಅವ್ವ ಅಕ್ಕಾರೆ ಅಂತಾಳೆ, ನಾನೂ ಅದನ್ನೇ ಅಂತೀನಿ. ನಾನು ದಿನಾ ಬೆಳಿಗ್ಗೆ ಹರಿಹರದ ಬಸ್ ಹತ್ತಿ ಗುತ್ತೂರ್ ಕಡೆ ಒಂದು ಶೆಡ್ಡಿಗೆ ವೆಲ್ಡಿಂಗ್ ಕೆಲಸಕ್ಕೆ ಹೋಗ್ತೀನಿ. ನಮ್ಮೂರು ಬಾತಿ ಬಿಟ್ಟು ಬಂದ್ಮ್ಯಾಲೆ ಮನಿ ಮ್ಯಾಲೆ ಮನಿ ಬದಲ್ಸಿ ಅವ್ವಗೆ ಸಾಕಾಗಿತ್ತು. ಇಲ್ಲಿಗೆ ಬಂದ ದಿನಾನೇ ಹೇಳಿದ್ಲು, “ಇನ್ನೊಂದ್ ಸಲ ಗಂಟು ಕಟ್ಟು ಅನ್ಬ್ಯಾಡ, ನನ್ ಕೈಲಿ ಆಗಲ್ಲ.”

ಎರಡೂ ಮನಿ ಮೀಟ್ರು ಗೇಟಿನ ಪಕ್ಕದ ಗ್ವಾಡಿಗೆ ಜೋಡೀಲೆ ಅದಾವೆ. ಕರೆಂಟ್ ಆಫೀಸಿನೋರು ಒಂದಿನ ಬಂದು ಹಳೇವು ಎರಡೂ ಕಿತ್ತು ಹೊಸಾವು ಹಾಕಿದ್ರು. ಹಳೇದ್ರ ಹಲಗಿ ಮ್ಯಾಲೆ ಪೇಂಟಿನಾಗ ನಂಬರ್ ಇತ್ತು. ಹೊಸದ್ರ ಮ್ಯಾಲೆ ಬರೀಲಿಲ್ಲ. ಆಮ್ಯಾಲೆ ಬಂದು ಬರೀತೀವಿ ಅಂದ್ರು. ಎಲ್ಲಿ ಬರ್ತಾರೆ?

ಆ ತಿಂಗಳು ಬಿಲ್ಲು ಬಂತು. ಫ್ರೀ ಕರೆಂಟು ಆದ್ಮ್ಯಾಲೆ ನಮ್ದು ಯಾವಾಗ್ಲೂ ಸೊನ್ನೆ ಬಿಲ್ಲು. ನಮ್ಮನ್ಯಾಗ ಏನೈತೆ? ಬಲ್ಬು, ಒಂದು ಫ್ಯಾನು, ಟೀವಿ, ಅವ್ವನ ಮಿಕ್ಸಿ. ಮಿಕ್ಸೀನೂ ಅಪರೂಪ, ಅವ್ವಗೆ ಒಳಕಲ್ಲಿನ ಚಟ್ನೀನೇ ಆಗ್ಬೇಕು. ಅಂತಾ ಮನಿಗೆ ಬಾಡಿಗಿಗಿಂತ ದೊಡ್ಡ ಬಿಲ್ಲು. ಅದೇ ತಿಂಗಳು ಓನರ್ ಮನಿಗೆ ಸೊನ್ನೆ. ಅಲ್ಲಿ ಏಸಿ ಐತೆ, ಗೀಜರ್ ಐತೆ, ಬೋರಿನ ಮೋಟ್ರು ಐತೆ. ಕುರುಡನಿಗೂ ಗೊತ್ತಾಗ್ತೈತೆ ಏನಾಗೈತೆ ಅಂತ. ಅಕ್ಕಾರಿಗೆ ಮಾತ್ರ ಗೊತ್ತಾಗ್ಲಿಲ್ಲ. ಬಿಲ್ಲು ಹಿಡ್ಕಂಡು ಓಣಿ ತುಂಬ ತೋರ್ಸ್ಕಂಡು ಬಂದ್ರು. “ನಾನು ಸುಮ್ಸುಮ್ನೆ ಲೈಟ್ ಹಚ್ಚಲ್ಲವಾ, ಅದಕ್ಕೇ ಸೊನ್ನೆ ಬಂತು.”

ಅಷ್ಟಕ್ಕೇ ಬಿಟ್ಟಿದ್ರೆ ನಡೀತಿತ್ತು. ನಲ್ಲಿ ನೀರು ಬಿಟ್ಟಾಗ ಎಲ್ಲಾ ಹೆಣ್ಮಕ್ಳ ಮುಂದೆ ಅಂದ್ರು, “ನಮ್ಮ ಬಾಡಿಗಿಯೋರು ಕದ್ದು ಕರೆಂಟ್ ಒಲಿ ಹಚ್ತಾರೆ. ಹಪ್ಪಳ ಸಂಡಿಗಿ ಮಾಡಿ ಮಾರ್ತಿರ್ಬೇಕು.” ಅವ್ವ ಅಲ್ಲೇ ಕೊಡ ಹಿಡ್ಕಂಡು ನಿಂತಿದ್ಲು. ಮನಿಗೆ ಬಂದೋಳು ರೊಟ್ಟಿ ಮುಟ್ಲಿಲ್ಲ.

ಸಂಜಿಕೆ ಅಂಕಲ್ ಬಂದ್ರು. ಒಳ್ಳೇ ಮನುಷ್ಯ, ಆದ್ರೆ ಹೆಂಡ್ತಿ ಹೇಳಿದ್ದೇ ವೇದ.

“ನೋಡಪಾ, ಮೀಟ್ರು ನನ್ನ ಹೆಸ್ರಿನಾಗ ಐತೆ. ಈ ತಿಂಗಳೊಳಗ ಕಟ್ಟು. ಇಲ್ಲಾಂದ್ರೆ ಬ್ಯಾರೆ ಮನಿ ನೋಡ್ಕ್ಯ.”

“ಬಿಲ್ಲೂ ಕಟ್ಟಲ್ಲ, ಮನೀನೂ ಬಿಡಲ್ಲ ಅಂಕಲ್. ಬಿಲ್ಲು ಅದ್ಲುಬದ್ಲಾಗೈತೆ. ನಾನೇ ಹೋಗಿ ಸರಿ ಮಾಡಿಸ್ತೀನಿ.”

“ಮೀಟ್ರು ಸುಳ್ಳು ಹೇಳ್ತೈತಾ?”

“ಮೀಟ್ರು ಹೇಳಲ್ಲ. ಬರ್ಕಂಡೋನು ಹೇಳ್ಯಾನೆ.”

ಮಾರನೇ ದಿನ ಕರೆಂಟ್ ಆಫೀಸಿಗೆ ಹೋದೆ. ಟೇಬಲ್ಲಿನ ಹಿಂದೆ ಒಬ್ರು ಮೇಡಂ ಇದ್ರು. ಬಿಲ್ಲು ನೋಡಿ ವಾಪಸ್ ತಳ್ಳಿದ್ರು.

“ಬಳಸಿದೀರಿ, ಬಂದೈತೆ. ಕಟ್ರಿ.”

“ಬಳಸಿಲ್ಲ ಮೇಡಂ.”

“ಎಲ್ರೂ ಹಂಗೇ ಅಂತಾರೆ.”

“ಎಲ್ರದ್ದು ನನಗೆ ಬ್ಯಾಡ. ಮುಂದಿನ ಮನಿದು ನಮಗೆ ಹಾಕ್ಯಾರೆ. ಒಬ್ರನ್ನ ಕಳಿಸಿ ನೋಡಿಸ್ರಿ. ನೀವು ಕಳ್ಸೋಗಂಟ ನಾನು ಇಲ್ಲೇ ಕುಂದ್ರುತೀನಿ.”

ಹಿಂದೆ ಸಾಲು ಬೆಳೀತಿತ್ತು. ಮೇಡಂ ನನ್ನ ಮಖ ನೋಡಿದ್ರು, ಏನೋ ಬರ್ಕಂಡ್ರು. “ಲೈನ್‌ಮನ್ ಬರ್ತಾರೆ, ಹೋಗ್ರಿ” ಅಂದ್ರು.

ಲೈನ್‌ಮನ್ ಬಂದಿದ್ದು ನಾನು ಗುತ್ತೂರಿನಾಗ ಗೇಟು ವೆಲ್ಡ್ ಮಾಡೋವಾಗ. ಅವ್ವ ಫೋನ್ ಹಚ್ಚಿದ್ಲು.

“ಲೋ, ಆ ಲೈನ್‌ಮನ್ ನಮ್ಮ ಮೀಟ್ರು ನೋಡ್ಲೇ ಇಲ್ಲ. ಪಕ್ಕದ್ಮನಿ ಅಜ್ಜನ ಗೇಟ್ ತೆಗ್ದು ಒಳಗ ಹೋದ. ಅಜ್ಜ ಕೋಲು ತಗಂಡು ಬಂತು!”

“ಅಲ್ಲಿಗ್ ಯಾಕ ಹೋದ?”

“ನಾನೂ ಅದನ್ನೇ ಕೇಳ್ದೆ. ‘ಆಫೀಸಿನಾಗ ಮುಂದಿನ ಮನಿ ಅಂತ ಬರ್ದಾರೆ, ನಿಮ್ಮ ಕಾಂಪೌಂಡ್ ಬಿಟ್ರೆ ಮುಂದಿನ ಮನಿ ಅದೇ ಅಲ್ಲಾ’ ಅಂದ. ಅಲ್ಲಿ ಏನೂ ತಪ್ಪಿಲ್ಲ ಅಂತ ಬರ್ಕಂಡು ಹೋದ.”

ನನಗೆ ಸಿಟ್ಟೂ ಬಂತು, ನಗೂನೂ ಬಂತು. ನಾನು ಮುಂದಿನ ಮನಿ ಅಂದಿದ್ದು ಮುಂದೆ ಐತಲ್ಲ, ಆ ಓನರ್ ಮನಿಗೆ. ಅವ್ರಿಗೆ ಮುಂದಿನ ಮನಿ ಅಂದ್ರೆ ಇದಾದ್ಮ್ಯಾಲೆ ಬರೋ ಮನಿ. ಅವ್ವಗೆ ಫೋನಿನಾಗೇ ಬಿಡಿಸಿ ಹೇಳ್ದೆ. ಅವ್ವ ಅಂದ್ಲು, “ಅಯ್ಯ ಶಿವನೇ. ಮೀಟ್ರು ರೀಡಿಂಗ್ ಬರ್ಕಳ್ಳೋ ಹುಡುಗನೂ ನನಗೆ ಹಂಗೇ ಕೇಳಿದ್ನಲ್ಲೋ.”

ಶೆಡ್ಡಿನ ಗ್ರೈಂಡರ್ ಸದ್ದಿಗೆ ಸರಿಯಾಗಿ ಕೇಳಿಸ್ತಿರ್ಲಿಲ್ಲ. ಹೊರಗ ಬಂದು ಮತ್ತೆ ಕೇಳ್ದೆ. ಹೊಸ ಮೀಟ್ರು ಹಾಕಿದ್ಮ್ಯಾಲೆ ಮೊದಲ್ನೇ ಸಲ ರೀಡಿಂಗ್ ಹುಡುಗ ಬಂದಾಗ ಅವ್ವ ಗೇಟಿನಾಗ ಅಕ್ಕಿ ಕೇರ್ತಿದ್ಲಂತೆ. ಮೀಟ್ರಿನ ಮ್ಯಾಲೆ ನಂಬರ್ ಇಲ್ಲ. ಅವ ಕೇಳ್ಯಾನೆ, “ಅಮ್ಮಾ, ಹಿಂದಿನ ಮನಿದು ಆತು. ಮುಂದಿನ ಮನಿದು ಯಾವುದು?” ಅವ ಹಿಂದಿನ ಮನಿ ಅಂದಿದ್ದು ಆಗ್ಲೇ ಮುಗಿಸ್ಕಂಡು ಬಂದ, ಕಾಂಪೌಂಡಿನ ಆಚೆಗಿರೋ ಮನಿಗೆ. ಮುಂದಿನದು ಅಂದ್ರೆ ಅವನ ಮಷೀನಿನಾಗ ಇನ್ನು ಬರೋದು. ಅದು ನಮ್ದು. ಯಾಕಂದ್ರೆ ಕಾಂಪೌಂಡಿನಾಗ ಮೊದ್ಲು ಕಟ್ಟಿದ್ದು ನಾವಿರೋ ಮನಿ, ನಂಬರೂ ಅದ್ರದ್ದೇ ಮೊದ್ಲು. ಅವ್ವ ಏನ್ ತಿಳ್ಕಂಡ್ಲು? ನಮ್ದು ಬರ್ಕಂಡಾತು, ಈಗ ಓನರದ್ದು ಕೇಳ್ತಾನೆ ಅಂತ. ಓನರ್ ಮೀಟ್ರಿಗೆ ಕೈ ತೋರ್ಸ್ಯಾಳೆ. ಅವ ಅದನ್ನ ನಮ್ಮ ನಂಬರಿಗೆ ಹೊಡ್ದಾನೆ. ಉಳಿದ ನಮ್ಮ ಮೀಟ್ರು ಓನರಿಗೆ.

“ನಾನೇ ಮಾಡ್ದಂಗಾತಲ್ಲೋ.”

“ನೀನಲ್ಲವ್ವ. ನಂಬರ್ ಬರೀದೇ ಹೋದ್ರಲ್ಲ, ಅವ್ರು.”

ಮರುದಿನ ಶೆಡ್ಡಿಗೆ ಲೇಟಾಗ್ತೈತೆ ಅಂತ ಫೋನ್ ಮಾಡಿ ನೆಟ್ಟಗ ಆಫೀಸಿಗೆ ಹೋದೆ. ಈ ಸಲ ಯಾವ ಮನಿ ಅಂತ ಬಾಯಾಗ ಹೇಳೋಕೇ ಹೋಗ್ಲಿಲ್ಲ. ಲೈನ್‌ಮನ್ ಬೈಕಿನ ಹಿಂದೆ ಹತ್ತಿ ಕುಂತೆ. “ನಡೀರಿ, ನಾನೇ ತೋರಿಸ್ತೀನಿ.”

“ಆ ಅಜ್ಜನ ಮನಿಗೆ ಮಾತ್ರ ಬ್ಯಾಡ ಮಾರಾಯ” ಅಂದ ಅವ.

ಬೈಕ್ ಸದ್ದಿಗೆ ಅಕ್ಕಾರು ಹೊರಗ ಬಂದ್ರು. “ನಮ್ಮ ಮೀಟ್ರಿಗೆ ಕೈ ಹಚ್ಬ್ಯಾಡ್ರಿ!”

“ಕೈ ಹಚ್ಚಲ್ಲ ಅಕ್ಕಾರೆ. ಕಣ್ಣು ಹಚ್ತೀವಿ ಅಷ್ಟೇ. ನೀವೂ ಬರ್ರಿ. ಅಂಕಲ್, ನೀವೂ ಬರ್ರಿ.”

ಲೈನ್‌ಮನ್ ಬಿಲ್ಲಿನಾಗಿನ ರೀಡಿಂಗ್ ಮೀಟ್ರಿಗೆ ಹಿಡ್ದು ನೋಡಿ, ಎಡಗಡೆದು ತೋರ್ಸಿದ. “ನಿಮ್ಮ ಬಿಲ್ಲಿನಾಗ ಇರೋದು ಇದ್ರ ರೀಡಿಂಗು. ಹೋಗಿ ನಿಮ್ಮ ಮೇನ್ ಸ್ವಿಚ್ ಆರ್ಸು.” ಆರಿಸ್ದೆ. ಬಲಗಡೆ ಮೀಟ್ರಿನ ಕೆಂಪು ಲೈಟು ನಿಂತೋತು. ಎಡಗಡೆದು ಮಿಟುಕ್ತಾನೇ ಇತ್ತು.

“ಅಂಕಲ್, ನಿಮ್ಮ ಬೋರ್ ಹಾಕ್ರಿ” ಅಂದೆ.

ಅಂಕಲ್ ಹೋಗಿ ಮೋಟ್ರು ಹಾಕಿದ್ರು. ಎಡಗಡೆ ಲೈಟು ದೆವ್ವ ಬಡ್ದಂಗ ಮಿಟಿಮಿಟಿ ಅಂತ ಕುಣೀತು. ಅಂಕಲ್ ವಾಪಸ್ ಬಂದು ಅದನ್ನೇ ನೋಡ್ತಾ ನಿಂತ್ರು. ಆಮ್ಯಾಲೆ ಹೆಂಡ್ತಿ ಕಡೆ ತಿರುಗಿ, “ನಿನ್ನ ಉಳಿತಾಯ ನೋಡು ಬಾ” ಅಂದ್ರು. ಲೈನ್‌ಮನ್ ನಗೂ ತಡ್ಕಳ್ಳಾಕಾಗ್ದೆ ಆ ಕಡೆ ತಿರುಗಿದ.

ಆಫೀಸಿನಾಗ ಬಿಲ್ಲು ಸರಿ ಮಾಡಿ ಕೊಟ್ರು. ಮೇಡಂ “ಮೊದ್ಲೇ ಸರಿಯಾಗಿ ಹೇಳ್ಬಾರ್ದಾ” ಅಂದ್ರು. ಸರಿಯಾಗೇ ಹೇಳಿದ್ದೆ ಅಂದೆ, ಕಾಗದ ತಗಂಡು ಬಂದೆ.

ಅವತ್ತು ಸಂಜಿಕೆ ಹೋಗಿ ಓನರ್ ಬಾಗ್ಲು ಬಡ್ದೆ. ಅವ್ವನೂ ಬಂದ್ಲು.

“ಅಂಕಲ್, ಮನಿ ನೋಡ್ಕ್ಯಬೇಕಾ, ಬ್ಯಾಡ್ವಾ? ಒಂದು ಮಾತು ಹೇಳ್ರಿ.”

“ಏ, ಎಲ್ಲಿಗ್ ಹೋಗ್ತೀರಪಾ? ಇರ್ರಿ. ಏನೋ ತಪ್ಪಾತು, ಬಿಡು. ಕೂಡ್ರಿ, ಚಾ ಕುಡೀರಿ.”

ನಾನು ಕೂಡೋಕೆ ಹೊಂಟಿದ್ದೆ. ಅವ್ವ ಕೂಡ್ಲಿಲ್ಲ.

“ಚಾ ಆಮ್ಯಾಲೆ ಕುಡೀತೀನಿ. ಅಕ್ಕಾರೆ, ನೀವು ನನಗೆ ಅಂದಿದ್ದು ಇಲ್ಲಲ್ಲ, ನಲ್ಲೀ ಹತ್ರ. ಅಲ್ಲೇ ಬಂದು ತಪ್ಪಾತು ಅನ್ರಿ. ಆಗ ಇರ್ತೀನಿ. ಇಲ್ಲಾಂದ್ರೆ ನೀವು ಬ್ಯಾಡ ಅಂದ್ರೂ ನಾನೇ ಹೋಗ್ತೀನಿ.”

ಗಂಟು ಕಟ್ಟಲ್ಲ ಅಂದೋಳು ಹಿಂಗಂದ್ಲು. ನಾನೂ ಕೂಡ್ದೆ ಅವಳ ಪಕ್ಕ ನಿಂತೆ. ಅಕ್ಕಾರು ಅಂಕಲ್ ಮಖ ನೋಡಿದ್ರು. ಅಂಕಲ್ ಟೀವಿ ನೋಡ್ತಿದ್ರು.

ನೀರು ಬಿಟ್ಟ ದಿನ ಬೆಳಿಗ್ಗೆ ನಾನಿನ್ನೂ ಮನ್ಯಾಗೇ ಇದ್ದೆ, ಕಿಟಕಿಯಾಗ ಕೇಳಿಸ್ತು. ಅಕ್ಕಾರು ಕೊಡ ಇಟ್ಟು, ಎಲ್ರಿಗೂ ಕೇಳಂಗೆ ಅಂದ್ರು, “ಕರೆಂಟ್ ಬಿಲ್ಲು ನಮ್ದೇ ಆಗಿತ್ತು. ಇವ್ರದ್ದು ಏನೂ ಇಲ್ಲ. ನಾನು ಸುಮ್ನೆ ಅಂದೆ.” ಯಾರೋ ಕಿಸಕ್ಕಂದ್ರು. ಅವ್ವ, “ಆತು ಬಿಡ್ರಿ ಅಕ್ಕಾರೆ, ನಿಮ್ಮ ಕೊಡ ಮೊದ್ಲು ಹಿಡೀರಿ, ನೀರು ನಿಲ್ತೈತೆ” ಅಂದ್ಲು.

ಒಳಗ ಬಂದು ರೊಟ್ಟಿಗೆ ಹಿಟ್ಟು ಕಲ್ಸೋಕೆ ಕುಂತ್ಲು. ನಾನು ಬಸ್ಸಿಗೆ ಹೋದೆ.