ಟೊಂಗೆಯ ಮೇಲಿನ ಬಿಳಿ ಎಳೆ

ಕಳೆದ ವಾರ ಕೆಲಸದ ಅರ್ಜಿಗೆ ಅಂಟಿಸಲು ಫೋಟೊ ಬೇಕಾಗಿ ದಾವಣಗೆರೆಯ ಆ ಹಳೆಯ ಸ್ಟುಡಿಯೊಕ್ಕೆ ಹೋದೆ. ಪರದೆ ಸರಿಸಿದ್ದೇ ತಡ, ಹೈಪೋ ವಾಸನೆ ಮೂಗಿಗೆ ಬಡಿಯಿತು. ಫೋಟೊ ತೊಳೆಯುವ ನೀರಿನ ಆ ಹುಳಿ ವಾಸನೆ... ಮಾಲೀಕರು ಬದಲಾಗಿದ್ದಾರೆ, ಗೋಡೆಗೆ ಹೊಸ ಬಣ್ಣ ಬಂದಿದೆ, ವಾಸನೆ ಮಾತ್ರ ಅದೇ. ವಾಸನೆಯ ಜೊತೆ ವಾದ ಮಾಡಲು ಬರುವುದಿಲ್ಲ. ಬರುವಂತಿದ್ದರೆ ಅದನ್ನೂ ಸೋಲಿಸಿ ಹೊರಗೆ ಬರುತ್ತಿದ್ದೆ.

ಮೊದಲು ಆ ಸ್ಟುಡಿಯೊ ನಮ್ಮ ಪಕ್ಕದ ಮನೆಯವರದು. ಫೋಟೊ ಮಾಮ ಎಂದು ಕರೆಯುತ್ತಿದ್ದೆ. ಮದುವೆ, ಶಾಲೆಯ ಗ್ರೂಪು, ಯಾರ ಮನೆಯಲ್ಲಾದರೂ ಸಾವಾದರೆ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಮನೆಮಂದಿಯನ್ನೆಲ್ಲ ಸುತ್ತ ನಿಲ್ಲಿಸಿ ತೆಗೆಯುವ ಕಡೆಯ ಫೋಟೊ, ಇಷ್ಟು ಅವರ ಕಸುಬು. ಭಾನುವಾರ ಮಾತ್ರ ಹಕ್ಕಿಗಳ ಹಿಂದೆ ಹೋಗುತ್ತಿದ್ದರು. ಮಾತು ಬಹಳ ಕಡಿಮೆ. ನಾನೋ, ಆ ವರ್ಷ ಕಾಲೇಜಿಗೆ ಚರ್ಚಾಸ್ಪರ್ಧೆಯ ಷೀಲ್ಡು ತಂದವನು. ದೇವರಿಂದ ಹಿಡಿದು ದೋಸೆಯವರೆಗೆ ಎಲ್ಲಕ್ಕೂ ಪುರಾವೆ ಕೇಳುತ್ತಿದ್ದೆ. ನನ್ನನ್ನು ಅವರು ವಕೀಲಪ್ಪ ಎನ್ನುತ್ತಿದ್ದರು.

ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಬೆಳಗಿನ ರೈಲಿಗೆ ನನ್ನನ್ನೂ ಹರಿಹರಕ್ಕೆ ಕರೆದುಕೊಂಡು ಹೋದರು. ಹೊಳೆಯ ಕಡೆಗಿದ್ದ ಪಾರ್ಕಿನಲ್ಲಿ ಹೊಂಗೆಗಳೆಲ್ಲ ಚಿಗುರಿದ್ದವು. ಒಂದು ಬಾದಾಮಿ ಗಿಡದ ದೊಡ್ಡ ಎಲೆಯನ್ನು ಸಿಂಪಿಗ ಹಕ್ಕಿ ಹೊಲಿಯತೊಡಗಿತ್ತು. ಹೆಬ್ಬೆರಳ ಗಾತ್ರದ ಹಕ್ಕಿ. ಮಾಮ ಮೂರು ಕಾಲಿನ ಸ್ಟ್ಯಾಂಡನ್ನು ಎಲೆಗೆ ಹತ್ತಿರ ಊರಿ, ಕ್ಯಾಮೆರಾ ಕೂರಿಸಿ, ಚೀಲದಿಂದ ದಾರದ ಉಂಡೆ ತೆಗೆದರು.

"ಇದ್ಯಾಕೆ ಮಾಮ? ಹಕ್ಕಿ ಕಟ್ಟಿಹಾಕೋಕಾ?" ಎಂದೆ.

"ಲೇ, ನಿನ್ನ ಬಾಯಿ ಕಟ್ಟೋಕೆ," ಎಂದು ನಕ್ಕರು. ಆಮೇಲೆ ದಾರದ ತುದಿಯನ್ನು ಕ್ಯಾಮೆರಾದ ಗುಂಡಿ ಒತ್ತುವ ಸನ್ನೆಕೋಲಿಗೆ ಕಟ್ಟಿ ತೋರಿಸಿದರು. "ಹತ್ರ ನಿಂತ್ರೆ ಹಾರಿಹೋಗ್ತೈತೆ. ದೂರ ಕುಂತು ಎಳೀಬೇಕು."

ಒಂದು ಗಂಟೆ ಕೂತೆವು. ಪೊದೆಯ ಹಿಂದೆ ಕೂತು ಕೂತು ನನ್ನ ಕಾಲಿಗೆ ಜೋಮು ಹಿಡಿಯಿತು. ಇಷ್ಟಕ್ಕೆಲ್ಲ ಏನು ಪ್ರಯೋಜನ ಎಂದು ಕೇಳಿದೆ. ಪಿಸುದನಿಯಲ್ಲೇ ಹೇಳಿದರು: "ಹೆಣದ ಫೋಟೊ ತೆಗ್ದು ತೆಗ್ದು ಸಾಕಾಗೈತಪ. ಒಂದಾದ್ರೂ ಜೀವ ಇರೋದು ಬೆಂಗಳೂರಿಗೆ ಹೋಗ್ಲಿ ಅಂತ." ನಮ್ಮೂರಿನಲ್ಲಿ ಫೋಟೊ ಪ್ರದರ್ಶನವೊಂದು ಬರುವುದಿತ್ತು. ಅದರಲ್ಲಿ ಆಯ್ಕೆಯಾದ ಚಿತ್ರ ಬೆಂಗಳೂರಿಗೆ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಸೋಡಾ ಕುಡಿದು ಬರುತ್ತೇನೆಂದು ಎದ್ದೆ. "ಪ್ರಶ್ನೆ ಏನೋ ಕೇಳ್ತಿ, ಉತ್ತರ ಬರೋ ತನಕ ಕೂಡ್ರೋಕೆ ಬರಲ್ಲ ನಿಂಗೆ," ಎಂದರು.

ತಿರುಗಿ ಬರುವಷ್ಟರಲ್ಲಿ ಚಿತ್ರ ಸಿಕ್ಕಿತ್ತು. ಮಾಮನ ಕಣ್ಣಲ್ಲಿ ನೀರಿತ್ತೇನೋ... ಗಮನಿಸಲಿಲ್ಲ.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಗೋಡೆಯ ಮೇಲೆ ಮಾಮನ ಚಿತ್ರ: ಸಿಂಪಿಗ ಎಲೆತೊಟ್ಟಿನ ಮೇಲೆ ಕೂತಿದೆ, ಅದರ ಕಾಲ ಕೆಳಗಿನಿಂದ ಟೊಂಗೆಯವರೆಗೆ ಬಿಗಿಯಾಗಿ ಒಂದು ಬಿಳಿ ಎಳೆ. ನಿರ್ಣಾಯಕರೊಬ್ಬರು ಕನ್ನಡಕ ಏರಿಸಿ ಕೇಳಿದರು: "ಏನ್ರಿ, ಹಕ್ಕಿ ಕಾಲಿಗೆ ದಾರ ಕಟ್ಟೀರೇನು?"

ಮಾಮನ ಮುಖ ಕೆಂಪಾಯಿತು. "ಇಲ್ರಿ ಸಾರ್. ಅದು ಗೂಡಿನ ದಾರ, ಹಕ್ಕಿನೇ ತಂದಿದ್ದು. ಈ ಹುಡುಗ ನನ್ನ ಜೊತೆ ಇದ್ದ. ಅವನ್ನೇ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಷೀಲ್ಡು ತಂದವನು ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಎದ್ದು ನಿಂತೆ. ಹಕ್ಕಿ ದಾರ ತಂದದ್ದನ್ನು ನಾನು ನೋಡಿಲ್ಲ ಎಂದೆ. ಅದು ನಿಜ. ಇವರ ಚೀಲದಲ್ಲಿ ದಾರದ ಉಂಡೆ ಇದ್ದದ್ದನ್ನು ನೋಡಿದ್ದೇನೆ ಎಂದೆ. ಅದೂ ನಿಜ. ಒಂದು ಗಳಿಗೆ ಒಂದು ಕಡೆ ಕೂರದ ಹಕ್ಕಿ ಚಿತ್ರಕ್ಕೆಂದೇ ಕೂತಿತೇ ಎಂದು ಕೇಳಿದೆ. ಆ ಉಂಡೆ ಯಾತಕ್ಕೆ ಎಂಬುದನ್ನು ಮಾತ್ರ ಹೇಳಲಿಲ್ಲ. ಮರೆತಿರಲಿಲ್ಲ. ಚರ್ಚೆಯಲ್ಲಿ ಎದುರಿನವರಿಗೆ ಅನುಕೂಲವಾಗುವುದನ್ನು ನಾವಾಗಿ ಬಾಯಿಬಿಡಬಾರದು ಎಂದು ನಮಗೆ ಕಲಿಸಿದ್ದರು. ಮಾಮ ಎದುರಿನವರಲ್ಲ ಎಂದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ, ಅಷ್ಟು ಜನ ಕೇಳುತ್ತಿರುವಾಗ, ಬಾಯಿ ನಿಲ್ಲುತ್ತಿತ್ತೋ ಇಲ್ಲವೋ...

ಚಪ್ಪಾಳೆ ಬಿತ್ತು. ಚಿತ್ರವನ್ನು ಗೋಡೆಯಿಂದ ಇಳಿಸಿದರು. ಮಾಮ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಹೊರಟರು. ಬಾಗಿಲಲ್ಲಿ ನನ್ನನ್ನು ನೋಡಿ, "ಚೆನ್ನಾಗಿ ಮಾತಾಡ್ದೆಪ," ಎಂದರು. ವಕೀಲಪ್ಪ ಎನ್ನಲಿಲ್ಲ. ಮುಂದೆಂದೂ ಹಾಗೆ ಕರೆಯಲೇ ಇಲ್ಲ. ಬಜಾರಿನಲ್ಲಿ ಮಾತ್ರ ಅವರಿಗೊಂದು ಹೆಸರು ಅಂಟಿತು. "ದಾರದ ಸಾಹೇಬ್ರು ಬಂದ್ರು, ಕಾಲು ನೋಡ್ಕಳ್ರಪ್ಪೋ!" ಎಂದು ಅಂಗಡಿ ಕಟ್ಟೆಯಲ್ಲಿ ಕೂತವರು ಕೂಗುತ್ತಿದ್ದರು. ಭಾನುವಾರದ ಹರಿಹರ ನಿಂತಿತು.

ಮಿಲ್ಲುಗಳ ಊರಿನಲ್ಲಿ ಹುಟ್ಟಿದವನು ನಾನು. ಗಾಳಿ ಬೀಸಿದರೆ ನಮ್ಮ ಬೀದಿಯಲ್ಲಿ ಹತ್ತಿಯ ಎಳೆ ಹಾರಾಡುತ್ತದೆ. ಮುಂದಿನ ವರ್ಷ ನಮ್ಮ ಹಿತ್ತಲಿನ ಅಂಜೂರದ ಗಿಡಕ್ಕೇ ಒಂದು ಸಿಂಪಿಗ ಬಂತು. ಮಿಲ್ಲಿನ ಬಿಳಿ ದಾರ ತಂದು, ಕಾಲಲ್ಲಿ ಅದುಮಿ ಹಿಡಿದು, ಎಲೆ ಹೊಲಿಯಿತು. ಚಿತ್ರದಲ್ಲಿದ್ದಂತೆಯೇ. ಮಳೆಗಾಲದಲ್ಲಿ ಬಿದ್ದ ಖಾಲಿ ಗೂಡನ್ನು ಎತ್ತಿಕೊಂಡು ಸ್ಟುಡಿಯೊಕ್ಕೆ ಹೋದೆ. ಮಾಮ ಗೂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ನಂಗ್ಯಾಕೆ ತೋರಿಸ್ತಿ? ನಂಗೆ ಗೊತ್ತೈತೆ. ಅವತ್ತು ಚಪ್ಪಾಳೆ ಹೊಡೆದ್ರಲ್ಲ, ಅವರಿಗೆ ತೋರ್ಸು ಹೋಗು."

ನಾನು ಹೋಗಲಿಲ್ಲ. ಆ ಜನರನ್ನೆಲ್ಲ ಮತ್ತೆ ಎಲ್ಲಿ ಕೂಡಿಸುವುದು ಎಂದು ನನಗೆ ನಾನೇ ವಾದಿಸಿದೆ, ಗೆದ್ದೆ. ಎರಡು ವರ್ಷ ಕಳೆಯುವುದರೊಳಗೆ ಮಾಮ ಹೋದರು. ಅವರನ್ನೂ ಕೂರಿಸಿ ಫೋಟೊ ತೆಗೆಸಿದರು. ಹರಿಹರದಿಂದ ಬಂದ ಯಾರೋ ತೆಗೆದರು. ಸುತ್ತ ನಿಂತವರಲ್ಲಿ ನಾನೂ ಒಬ್ಬ...

ಕಳೆದ ವಾರ ಹೊಸ ಮಾಲೀಕರನ್ನು ಕೇಳಿದೆ, ಹಳೆಯ ನೆಗೆಟಿವ್‌ಗಳೇನಾದರೂ ಉಳಿದಿವೆಯೇ ಎಂದು. ಹಕ್ಕಿಯದು ಒಂದು ಇತ್ತು ಎಂದೆ.

"ಎಲ್ಲೈತ್ರಿ, ನೆಗೆಟಿವ್ ಕರಗಿಸಿ ಬೆಳ್ಳಿ ತೆಗಿಯೋರು ಬಂದು ಎಲ್ಲಾ ಒಯ್ದ್ರು. ಹಕ್ಕಿ ಅಂದ್ರೆ... ಆ ದಾರ ಕಟ್ಟಿ ತೆಗ್ದಿದ್ರಂತಲ್ಲ, ಅದಾ?"

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿಯಾಗಿತ್ತು.

"ಬಾಯಿ ಮುಚ್ರಿ, ಮಾತಾಡಬ್ಯಾಡ್ರಿ, ಫೋಟೊ ಕೆಡ್ತೈತೆ."

ಮುಚ್ಚಿದೆ. ಆ ಫೋಟೊ ಈಗ ಅರ್ಜಿಯ ಮೇಲಿದೆ. ತುಂಬ ಚೆನ್ನಾಗಿ ಬಂದಿದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.